ಪಯೋನಿಯರ್ ರಿಸೀವರ್‌ನ ಅಲ್ಯೂಮಿನಿಯಂ ಪ್ಯಾನಲ್ ತುಂಬಾ ಗೀರು: ಉಜ್ಜೋದಾ, ಹಾಗೇ ಬಿಡೋದಾ?

ಕಡಲಕರೆ_ಸ್ಟೀರಿಯೋ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಪಯೋನಿಯರ್ ಎಸ್‌ಎಕ್ಸ್-780 ರಿಸೀವರ್ ಇದೆ, ರೇಡಿಯೋ ಆಂಪ್ಲಿಫೈಯರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವಂಥದ್ದು. 1978ರ ಹೊತ್ತಿನ ಮಾಡೆಲ್, ಚಾನಲ್‌ಗೆ 45 ವ್ಯಾಟ್, ಎರಡು ಪವರ್ ಮೀಟರ್ ಇರುತ್ತಲ್ಲ, ಅದು. ದೊಡ್ಡಪ್ಪ ದುಬೈನಿಂದ ತಂದಿದ್ದು. ಉಡುಪಿ ಮನೆಯಲ್ಲಿ ದೇವರ ಫೋಟೋ ಪಕ್ಕದ ಶೋಕೇಸ್ ಮೇಲೆ ವರ್ಷಗಟ್ಟಲೆ ಕೂತಿತ್ತು. ಸೌಂಡ್ ಈಗಲೂ ಚೆನ್ನಾಗಿದೆ. ವಾಲ್ಯೂಮ್ ತಿರುಗಿಸಿದರೆ ಬರುತ್ತಿದ್ದ ಕರಕರ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದ ಮೇಲೆ ಹೋಯಿತು.

ತಲೆನೋವು ಮುಂಭಾಗದ್ದು. ಹಿಂದೆ ರಿಪೇರಿಗೆ ಕೊಟ್ಟಿದ್ದ ಅಂಗಡಿಯಲ್ಲಿ ಸ್ಕ್ರೂಡ್ರೈವರ್ ತುರುಕಿ ನಾಬ್ ಎಬ್ಬಿಸಿದ್ದಾರೆ, ಪ್ರತಿ ನಾಬ್ ಸುತ್ತ ಅರ್ಧಚಂದ್ರದ ಹಾಗೆ ಗೀರು. ಡಯಲ್ ಕೆಳಗೆ ಒಂದು ಉದ್ದ ಗೀರು. ಎಡಗಡೆ ಕೆಳ ಮೂಲೆಯಲ್ಲಿ ಸಣ್ಣ ಸಣ್ಣ ಬಿಳಿ ಚುಕ್ಕೆ. ಇಡೀ ಪ್ಯಾನಲ್ ಮೇಲೆ ಹಳದಿ ಮಂಕು. ಬಾಸ್ ಅನ್ನುವ ಕಡೆ ಅಕ್ಷರ ಅರ್ಧ ಅಳಿಸಿದೆ, ಉಳಿದವೆಲ್ಲ ಸರಿಯಾಗಿವೆ.

ಅಮ್ಮ ಹುಣಸೆಹಣ್ಣು ಹಾಕಿ ತಿಕ್ಕು ಅಂತಾರೆ. ಗೆಳೆಯ ಹಿತ್ತಾಳೆ ಪಾಲಿಶ್ ಬ್ರಾಸೋ ಹಾಕು ಅಂತಾನೆ. ಊರಿನ ಬಫಿಂಗ್ ಅಂಗಡಿಯವರು ಕನ್ನಡಿ ತರ ಮಾಡಿ ಕೊಡ್ತೀನಿ ಅಂತಾರೆ. ಯಾರ ಮಾತು ಕೇಳಲಿ?

ಪೀಣ್ಯ_ತೊಟ್ಟಿ

ಯಾರದ್ದೂ ಬೇಡ ಸರ್, ಸದ್ಯಕ್ಕೆ. ಅದರಲ್ಲೂ ಬಫಿಂಗ್ ಅಂಗಡಿ ಕಡೆ ತಲೆ ಹಾಕಬೇಡಿ. ಕನ್ನಡಿ ತರ ಆಗುವುದು ನಿಜ. ಆದರೆ ಪಯೋನಿಯರ್ ಮಾಡಿದ್ದು ಕನ್ನಡಿ ಅಲ್ವಲ್ಲ.

ನಾನು ಆನೋಡೈಸಿಂಗ್ ಯೂನಿಟ್‌ನಲ್ಲಿ ಕೆಲಸ ಮಾಡುವವನು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ. ನಿಮ್ಮ ಪ್ಯಾನಲ್ ಬರೀ ಅಲ್ಯೂಮಿನಿಯಂ ತಗಡಲ್ಲ. ತಗಡಿನ ಮೇಲೆ ಎಡದಿಂದ ಬಲಕ್ಕೆ ಒಂದೇ ದಿಕ್ಕಿಗೆ ಎಳೆದ ಸಣ್ಣ ಗೆರೆಗಳಿವೆ, ನಾವು ಹೇರ್‌ಲೈನ್ ಅನ್ನುತ್ತೇವೆ. ಗೆರೆ ಎಳೆದ ಮೇಲೆ ಅದನ್ನು ಸಲ್ಫ್ಯೂರಿಕ್ ಆಸಿಡ್ ತೊಟ್ಟಿಯಲ್ಲಿ ಇಳಿಬಿಟ್ಟು ಕರೆಂಟ್ ಹಾಯಿಸಿರುತ್ತಾರೆ. ಆಗ ಲೋಹದ ಮೈಯೇ ಆಕ್ಸೈಡ್ ಆಗಿ ಗಟ್ಟಿ ಪದರ ಬೆಳೆಯುತ್ತದೆ, ಇದಕ್ಕೇ ಆನೋಡೈಸಿಂಗ್ ಅನ್ನುವುದು. ಅದು ಬಳಿದ ಪೇಂಟ್ ಅಲ್ಲ, ಲೋಹದಿಂದಲೇ ಹುಟ್ಟಿದ್ದು. ಕೊನೆಗೆ ಕುದಿಯುವ ಹತ್ತಿರದ ಬಿಸಿನೀರಲ್ಲಿ ಅದ್ದಿ ಅದರ ಸಣ್ಣ ರಂಧ್ರ ಮುಚ್ಚುತ್ತಾರೆ. ಇಂಥ ಅಲಂಕಾರದ ಕೆಲಸದಲ್ಲಿ ಆ ಪದರ 5ರಿಂದ 10 ಮೈಕ್ರಾನ್ ಇದ್ದರೆ ಹೆಚ್ಚು. ತಲೆಗೂದಲು ಸುಮಾರು 70 ಮೈಕ್ರಾನ್ ಇರುತ್ತದೆ, ಲೆಕ್ಕ ಹಾಕಿ. ಅಕ್ಷರಗಳು ಎಲ್ಲದರ ಮೇಲೆ ಕೂತಿರುತ್ತವೆ, ಬೆಳ್ಳಿ ಬಣ್ಣದ ಪ್ಯಾನಲ್‌ಗಳಲ್ಲಿ ಹೆಚ್ಚಾಗಿ ಸ್ಕ್ರೀನ್ ಪ್ರಿಂಟ್.

ಹಾಗಾಗಿ ಗೀರು ಯಾವ ಪದರದಲ್ಲಿದೆ ಅನ್ನುವುದು ಗೊತ್ತಾಗದೆ ಕೈ ಹಾಕಬಾರದು. ಮೇಲಿನ ಪದರದಲ್ಲೇ ನಿಂತಿದ್ದರೆ ಒಂದು ದಾರಿ, ಕೆಳಗಿನ ಲೋಹಕ್ಕೆ ಇಳಿದಿದ್ದರೆ ಇನ್ನೊಂದು.

ಪರೀಕ್ಷೆ ಸುಲಭ. ಪ್ಯಾನಲ್ ತೊಳೆದು ಒಣಗಿಸಿ, ಗೀರಿನ ಮೇಲೆ ಒಂದು ಹನಿ ನೀರು ಅಥವಾ ಹೊಲಿಗೆ ಮಷೀನ್ ಎಣ್ಣೆ ಇಡಿ. ಗೀರು ಮಾಯವಾದರೆ ಅದು ಬರೀ ಮೇಲಿನದ್ದು, ಒರಟಾದ ಜಾಗದಲ್ಲಿ ಬೆಳಕು ಚದುರಿ ಬಿಳಿಯಾಗಿ ಕಾಣುತ್ತಿತ್ತು ಅಷ್ಟೇ. ಎಣ್ಣೆ ಬಿಟ್ಟರೂ ಹಾಗೇ ಕಂಡರೆ, ಉಗುರು ಅಡ್ಡ ಎಳೆದಾಗ ಟಕ್ ಅಂತ ಸಿಕ್ಕಿದರೆ, ಲೋಹ ಕಿತ್ತಿದೆ. ಅದನ್ನು ಯಾವ ಪಾಲಿಶೂ ತುಂಬುವುದಿಲ್ಲ.

ಕ್ಯಾಸೆಟ್_ಕಾಲ

ಇಷ್ಟೆಲ್ಲಾ ಯಾಕೆ ಗುರು. ನನ್ನ ಅಕಾಯ್ ಡೆಕ್‌ಗೆ ಬ್ರಾಸೋ ಹಾಕಿ ಹತ್ತಿಯಲ್ಲಿ ಉಜ್ಜಿದೆ, ಫಳಫಳ ಅಂತಿದೆ. ಏನೂ ಆಗಿಲ್ಲ.

ಪೀಣ್ಯ_ತೊಟ್ಟಿ

@ಕ್ಯಾಸೆಟ್_ಕಾಲ ಉಜ್ಜಿದ ಹತ್ತಿ ಕಪ್ಪಾಯಿತಾ? ಕಪ್ಪಾಗಿದ್ದರೆ ಒಂದೋ ಅದು ಆನೋಡೈಸ್ ಆಗಿರದ ಪ್ಯಾನಲ್, ಇಲ್ಲವೇ ಪದರ ದಾಟಿ ಲೋಹ ಬರುತ್ತಿದೆ ಅಂತ ಅರ್ಥ. ಬ್ರಾಸೋದಲ್ಲಿ ಉಜ್ಜುವ ಪುಡಿಯೂ ಇದೆ, ಅಮೋನಿಯಾನೂ ಇದೆ. ಹಿತ್ತಾಳೆಗೆ ಸರಿ. ಪ್ರಿಂಟ್ ಅಕ್ಷರಕ್ಕೆ ಅದು ಯಮ.

ಹುಣಸೆಹಣ್ಣಿನ ಬಗ್ಗೆಯೂ ಹೇಳಿಬಿಡುತ್ತೇನೆ, ಅಮ್ಮನಿಗೆ ಬೇಜಾರಾಗದಿರಲಿ. ಅಲ್ಯೂಮಿನಿಯಂ ಆಕ್ಸೈಡ್ ಸುಮಾರು 4ರಿಂದ 9ರ ಪಿಎಚ್ ಒಳಗೆ ಮಾತ್ರ ಸಮಾಧಾನವಾಗಿರುತ್ತದೆ. ಹುಣಸೆ, ನಿಂಬೆ ಅದಕ್ಕಿಂತ ಹುಳಿ. ಬಟ್ಟೆ ಸೋಡಾ ಆ ಕಡೆ ಅತಿ ಕ್ಷಾರ. ಎರಡೂ ನಿಧಾನಕ್ಕೆ ಪದರ ತಿಂದು ಮಂಕು ಮಾಡುತ್ತವೆ. ಪಾತ್ರೆ ತೊಳೆಯುವ ಹಸಿರು ಸ್ಕ್ರಬ್ಬರ್ ಅಂತೂ ಹತ್ತಿರ ತರಬೇಡಿ. ಬಿಳಿ ಮ್ಯಾಜಿಕ್ ಸ್ಪಂಜ್ ಬರುತ್ತಲ್ಲ, ಅದು ಮೆತ್ತಗಿದೆ ಅಂತ ಮೋಸ ಹೋಗಬೇಡಿ, ಅದೂ ಸಣ್ಣ ಉಪ್ಪುಕಾಗದವೇ.

ಸಂಪಿಗೆ_ಮಾನೋ

ಒಂದು ಸಣ್ಣ ಸೇರ್ಪಡೆ. ಪ್ಯಾನಲ್ ನಿಜವಾಗಿ ಆನೋಡೈಸ್ ಆಗಿದೆಯಾ ಅಂತ ಮಲ್ಟಿಮೀಟರ್‌ನಲ್ಲಿ ನೋಡಬಹುದು. ಕಂಟಿನ್ಯುಟಿಗೆ ಇಟ್ಟು ಎರಡು ಪ್ರೋಬ್ ಮೆಲ್ಲಗೆ ಮೇಲೆ ತಾಗಿಸಿ, ಒತ್ತಬೇಡಿ. ಆಕ್ಸೈಡ್ ಕರೆಂಟ್ ಬಿಡುವುದಿಲ್ಲ, ಬೀಪ್ ಬರಲ್ಲ. ಬರಿಯ ಲೋಹವಾದರೆ ತಕ್ಷಣ ಬೀಪ್. ನಾಬ್ ಅಡಿಯ ಮರೆಯ ಜಾಗದಲ್ಲಿ ಮಾಡಿ. ಲ್ಯಾಕರ್ (ವಾರ್ನಿಶ್ ತರದ ಪಾರದರ್ಶಕ ಲೇಪ) ಹೊಡೆದ ಪ್ಯಾನಲ್ಲೂ ಬೀಪ್ ಮಾಡಲ್ಲ, ಅದಕ್ಕೆ ಇಯರ್‌ಬಡ್‌ಗೆ ಒಂದು ತೊಟ್ಟು ತಿನ್ನರ್ ಹಾಕಿ ಅದೇ ಮರೆಯಲ್ಲಿ ಒತ್ತಿ ನೋಡಿ. ಅಂಟಂಟಾದರೆ ಲ್ಯಾಕರ್. ಅಗ್ಗದ ಸೆಟ್‌ಗಳಲ್ಲಿ ಪ್ಲಾಸ್ಟಿಕ್ ಮೇಲೆ ತೆಳು ಅಲ್ಯೂಮಿನಿಯಂ ಹಾಳೆ ಅಂಟಿಸಿರುವುದೂ ಉಂಟು. ಅದಕ್ಕೆ ಉಪ್ಪುಕಾಗದ ಮುಟ್ಟಿಸಿದರೆ ಮುಗಿಯಿತು ಕಥೆ.

ಇನ್ನೊಂದು ಮಾತು, ಅಭಿಪ್ರಾಯ ಅಂತಲೇ ತಗೊಳ್ಳಿ. ಇಲ್ಲಿ ಅರ್ಧ ಜನ ರಿಸ್ಟೋರ್ ಅಂದರೆ ಹೊಸದರಂತೆ ಕಾಣಬೇಕು ಅಂದುಕೊಂಡಿದ್ದಾರೆ. ಐವತ್ತು ವರ್ಷದ ಹತ್ತಿರ ಬಂದ ವಸ್ತುವಿಗೆ ನಾಲ್ಕು ಗೀರು ಇದ್ದರೆ ಏನಾಯಿತು? ಮೂಲ ಆನೋಡೈಸ್, ಮೂಲ ಅಕ್ಷರ ಇರುವ ಗೀರಿನ ಪ್ಯಾನಲ್‌ಗೆ ನಾನು ಬೆಲೆ ಕೊಡುತ್ತೇನೆ. ಉಜ್ಜಿ ಸ್ಟಿಕ್ಕರ್ ಅಂಟಿಸಿದ್ದಕ್ಕೆ ಕೊಡಲ್ಲ.

ಕ್ಯಾಸೆಟ್_ಕಾಲ

ಹತ್ತಿ ಕಪ್ಪಾಗಿದ್ದು ನಿಜ. ಆದರೆ ನನಗೆ ಫಳಫಳ ಇಷ್ಟ, ನನ್ನ ಡೆಕ್ಕು ನನ್ನ ಖುಷಿ 😀

ಕಡಲಕರೆ_ಸ್ಟೀರಿಯೋ

ಬೀಪ್ ಬರಲಿಲ್ಲ, ತಿನ್ನರ್‌ಗೂ ಏನೂ ಆಗಲಿಲ್ಲ, ಅಂದರೆ ಆನೋಡೈಸ್ ಅಂತ ಆಯಿತು. ತೊಳೆಯುವುದು ಹೇಗೆ ಹೇಳಿ. ಪ್ಯಾನಲ್ ಬಿಚ್ಚಲೇಬೇಕಾ?

ಟರ್ನ್‌ಟೇಬಲ್_ತಾತ

ಬಿಚ್ಚಲೇಬೇಕಪ್ಪ. ಸೆಟ್‌ನಲ್ಲೇ ಇಟ್ಟು ಒದ್ದೆ ಮಾಡಿದರೆ ನೀರು ಸ್ವಿಚ್ ಒಳಗೆ ಇಳಿಯುತ್ತದೆ. ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಕೈ ಹಾಕು. ದೊಡ್ಡ ಕೆಪಾಸಿಟರ್‌ಗಳಲ್ಲಿ ಚಾರ್ಜ್ ನಿಂತಿರುತ್ತದೆ.

ಮೊದಲು ನಾಬ್. ಪಕ್ಕದಲ್ಲಿ ಸಣ್ಣ ಅಲೆನ್ ಸ್ಕ್ರೂ ಇದೆಯಾ ನೋಡು, ಇದ್ದರೆ ಸಡಿಲ ಮಾಡು. ಇಲ್ಲದಿದ್ದರೆ ಎಳೆದರೆ ಬರುವಂಥದ್ದು. ಹಳೇ ಪಂಚೆಯ ಅಂಚು ಹರಿದು ನಾಬ್ ಹಿಂದೆ ಸುತ್ತಿ ಎರಡೂ ತುದಿ ಹಿಡಿದು ನೇರ ಮುಂದಕ್ಕೆ ಎಳಿ. ಸ್ಕ್ರೂಡ್ರೈವರ್ ಮಾತೇ ಬೇಡ, ನಿನ್ನ ಅರ್ಧಚಂದ್ರ ಎಲ್ಲಾ ಅದರ ಪ್ರಸಾದ. ಒಳಗಿನ ನಟ್‌ಗೆ ಇಕ್ಕಳ ಹಾಕಬೇಡ, ಜಾರಿದರೆ ಸುತ್ತ ಬಳೆ ಬರೆಯುತ್ತದೆ. ಬಾಕ್ಸ್ ಸ್ಪ್ಯಾನರ್ ತಗೊ, ಅದರ ಬಾಯಿಗೂ ಟೇಪ್ ಸುತ್ತು. ಬಿಚ್ಚಿದ ಸ್ಕ್ರೂ ಎಲ್ಲಾ ಯಾವುದು ಎಲ್ಲಿಯದು ಅಂತ ರಟ್ಟಿಗೆ ಚುಚ್ಚಿಡು.

ತೊಳೆಯಲು ಉಗುರು ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಕೆಲವು ಹನಿ. ಹತ್ತಿ ಬಟ್ಟೆ, ಮೂಲೆಗೆ ಮಕ್ಕಳ ಹಲ್ಲುಜ್ಜುವ ಬ್ರಷ್. ಕೈ ಯಾವಾಗಲೂ ಗೆರೆಯ ದಿಕ್ಕಿಗೇ, ಎಡದಿಂದ ಬಲಕ್ಕೆ. ಸುತ್ತಿ ಸುತ್ತಿ ಉಜ್ಜಬೇಡ. ದೇವರ ಫೋಟೋ ಪಕ್ಕ ಇತ್ತು ಅಂದೆಯಲ್ಲ, ಆ ಹಳದಿ ಊದುಬತ್ತಿ ಹೊಗೆಯದ್ದೇ ಇರಬೇಕು. ಅದು ಅಂಟು, ಒಂದೇ ಸಲಕ್ಕೆ ಹೋಗಲ್ಲ, ಮತ್ತೆ ಮತ್ತೆ ನೀರು ಬದಲಿಸು. ಅಕ್ಷರದ ಮೇಲೆ ಬ್ರಷ್ ಬೇಡ, ಬಟ್ಟೆ ಮಾತ್ರ. ಗಾಜು ಒರೆಸುವ ನೀಲಿ ಸ್ಪ್ರೇ ಕೂಡ ಬೇಡ.

ಒಣಗಿದ ಮೇಲೆ ಕಾರಿಗೆ ಹಚ್ಚುವ ಕಾರ್ನೂಬಾ ವ್ಯಾಕ್ಸ್ ತೆಳ್ಳಗೆ. ಉಜ್ಜುವ ಪುಡಿ ಬೆರೆಸಿದ್ದು ತರಬೇಡ, ಬರೀ ವ್ಯಾಕ್ಸ್ ಕೇಳು, ಬೆಂಗಳೂರಲ್ಲಿ ಜೆ.ಸಿ. ರೋಡಿನಲ್ಲಿ ಸಿಗುತ್ತದೆ. ಪೀಣ್ಯದವರು ಎಣ್ಣೆ ಹನಿಯ ಪರೀಕ್ಷೆ ಹೇಳಿದರಲ್ಲ, ವ್ಯಾಕ್ಸ್ ಮಾಡುವುದೂ ಅದನ್ನೇ, ಸ್ವಲ್ಪ ಜಾಸ್ತಿ ಕಾಲ ನಿಲ್ಲುತ್ತದೆ ಅಷ್ಟೇ.

ಮಲ್ನಾಡ್_ವಾಲ್ವ್

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಸಾನ್‌ಸುಯಿ ಎಯು-717 ಆಂಪ್ಲಿಫೈಯರ್, ಕಪ್ಪು ಪ್ಯಾನಲ್. ಗೀರು ಬಿದ್ದ ಕಡೆ ಬೆಳ್ಳಿ ಬಣ್ಣ ಇಣುಕುತ್ತಿದೆ. ಅದಕ್ಕೂ ಇದೇ ಔಷಧವಾ?

ಪೀಣ್ಯ_ತೊಟ್ಟಿ

ಅಲ್ಲ ಸರ್, ಕಪ್ಪಿನದು ಬೇರೆ. ಕಪ್ಪು ಆನೋಡೈಸ್‌ನಲ್ಲಿ ಬಣ್ಣ ಆಕ್ಸೈಡ್ ರಂಧ್ರದೊಳಗೆ ಕೂತಿರುತ್ತದೆ. ಬೆಳ್ಳಿ ಕಂಡರೆ ಪದರ ಪೂರ್ತಿ ಹೋಗಿದೆ ಅಂತಲೇ. ಅಲ್ಲಿ ಉಜ್ಜಿದಷ್ಟೂ ಬೆಳ್ಳಿ ಅಗಲವಾಗುತ್ತದೆ. ಆದ್ದರಿಂದ ಕಪ್ಪು ಪ್ಯಾನಲ್‌ಗೆ ಉಪ್ಪುಕಾಗದ ಇಲ್ಲವೇ ಇಲ್ಲ, ಬಣ್ಣ ತುಂಬುವುದೊಂದೇ ದಾರಿ. ಅಲ್ಯೂಮಿನಿಯಂ ಕಪ್ಪು ಮಾಡುವ ಸೆಲೆನಿಯಂ ದ್ರಾವಣ ಬರುತ್ತದೆ. ವಿಷ, ಗ್ಲೌಸ್ ಹಾಕಿ, ಕಡ್ಡಿ ತುದಿಯಲ್ಲಿ ಗೀರಿಗೆ ಮಾತ್ರ ಮುಟ್ಟಿಸಿ. ಇಲ್ಲದಿದ್ದರೆ ತುದಿ ಚೂಪಾದ ಕಪ್ಪು ಪರ್ಮನೆಂಟ್ ಮಾರ್ಕರ್, ತಕ್ಷಣ ಬಟ್ಟೆಯಲ್ಲಿ ಮೇಲಿನದ್ದು ಒರೆಸಿ. ಮಾರ್ಕರ್ ಓರೆ ಬೆಳಕಲ್ಲಿ ನೇರಳೆ ಹೊಡೆಯುತ್ತದೆ, ಎರಡಡಿ ದೂರದಿಂದ ಯಾರಿಗೂ ಗೊತ್ತಾಗಲ್ಲ.

ಕಡಲಕರೆ_ಸ್ಟೀರಿಯೋ

ತೊಳೆದೆ. ನಂಬಲಾಗುತ್ತಿಲ್ಲ. ಬಕೆಟ್ ನೀರು ಟೀ ಬಣ್ಣ. ಹಳದಿ ಪೂರ್ತಿ ಹೋಗಿ ಒಳಗಿನ ಗೆರೆ ಕಾಣುತ್ತಿದೆ. ವ್ಯಾಕ್ಸ್ ಹಚ್ಚಿದ ಮೇಲೆ ನಾಬ್ ಸುತ್ತಲಿನ ಗೀರು ಅರ್ಧಕ್ಕರ್ಧ ಕಾಣುವುದೇ ಇಲ್ಲ, ಉಳಿದಿದ್ದು ನಾಬ್ ಹಾಕಿದರೆ ಮುಚ್ಚಿಹೋಗುತ್ತದೆ. ಡಯಲ್ ಕೆಳಗಿನ ಉದ್ದ ಗೀರು ಮಾತ್ರ ಹಾಗೇ ಇದೆ, ಉಗುರಿಗೆ ಸಿಗುತ್ತದೆ. ಬಿಳಿ ಚುಕ್ಕೆಯೂ ಜಗ್ಗಲಿಲ್ಲ. ಆ ಗೀರಿನ ಜಾಗದಲ್ಲಿ ಮಾತ್ರ ಉಪ್ಪುಕಾಗದ ಹಾಕಿ ಉಜ್ಜಬಹುದಾ?

ಹೇರ್‌ಲೈನ್_ಹುಚ್ಚ

ಇದೇ ಪ್ರಶ್ನೆಗೆ ಕಾಯುತ್ತಿದ್ದೆ. ಆಗಲ್ಲ. ಹೇರ್‌ಲೈನ್ ಪ್ಯಾನಲ್‌ನಲ್ಲಿ ಒಂದು ಜಾಗ ಮಾತ್ರ ಉಜ್ಜಿದರೆ ಹೊಲಿದ ಅಂಗಿಗೆ ಬೇರೆ ಬಟ್ಟೆಯ ತೇಪೆ ಹಾಕಿದ ಹಾಗೆ ಎದ್ದು ಕಾಣುತ್ತದೆ. ಮಾಡಿದರೆ ಇಡೀ ಪ್ಯಾನಲ್ ಮಾಡಬೇಕು. ಅಂದರೆ ಅಕ್ಷರ ಹೋಗುತ್ತದೆ, ಆನೋಡೈಸ್ ಹೋಗುತ್ತದೆ, ಎರಡನ್ನೂ ಮತ್ತೆ ತರಬೇಕು. ಇದು ಗೊತ್ತಿದ್ದೂ ಮಾಡುವುದಾದರೆ ಕ್ರಮ ಹೇಳುತ್ತೇನೆ, ನನಗೆ ಇದೇ ಚಟ.

ಮೊದಲು ಪ್ಯಾನಲ್ ಸ್ಕ್ಯಾನ್ ಮಾಡಿ, 600 ಡಿಪಿಐ. ಎ4 ಸ್ಕ್ಯಾನರ್‌ಗೆ ಹಿಡಿಸಲ್ಲ, ತುಂಡು ತುಂಡಾಗಿ ತೆಗೆದು ಜೋಡಿಸಿ, ಪಕ್ಕದಲ್ಲಿ ಸ್ಟೀಲ್ ಸ್ಕೇಲ್ ಇಟ್ಟಿರಿ, ಅಳತೆ ತಪ್ಪಬಾರದು. ಫೋನ್ ಫೋಟೋ ಸಾಲದು, ಅಂಚು ಬಾಗುತ್ತದೆ.

ಆಮೇಲೆ ಹಳೇ ಪದರ ತೆಗೆಯುವುದು. ಕಾಸ್ಟಿಕ್ ಸೋಡಾ ನೀರಲ್ಲಿ ಆಕ್ಸೈಡ್ ಕರಗುತ್ತದೆ. ಕರಗಿದ ಮೇಲೆ ಸುಮ್ನೆ ಬಿಡಲ್ಲ, ಲೋಹವನ್ನೂ ತಿನ್ನುತ್ತದೆ, ಗುಳ್ಳೆ ಏಳುತ್ತದೆ. ಆ ಗುಳ್ಳೆ ಹೈಡ್ರೋಜನ್. ಹೊರಗಡೆ ಮಾಡಿ, ಹತ್ತಿರ ಬೀಡಿ ದೀಪ ಏನೂ ಬೇಡ. ನೀರಿಗೆ ಸೋಡಾ ಹಾಕಬೇಕು, ಸೋಡಾ ಮೇಲೆ ನೀರು ಸುರಿಯಬಾರದು, ಕುದಿದು ಮುಖಕ್ಕೆ ಹಾರುತ್ತದೆ. ಕನ್ನಡಕ, ರಬ್ಬರ್ ಗ್ಲೌಸ್ ಕಡ್ಡಾಯ. ಗುಳ್ಳೆ ಸಮವಾಗಿ ಎದ್ದ ತಕ್ಷಣ ತೆಗೆದು ನೀರಲ್ಲಿ ತೊಳೆಯಿರಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ದಯವಿಟ್ಟು ಈ ಹೆಜ್ಜೆಯನ್ನು ಆನೋಡೈಸಿಂಗ್ ಅಂಗಡಿಗೇ ಬಿಡಿ.

ಗೆರೆ ಎಳೆಯುವುದೇ ಅಸಲಿ ಕೆಲಸ. ದಪ್ಪ ಪ್ಲೈವುಡ್ ಮೇಲೆ ಪ್ಯಾನಲ್ ಅಲುಗದಂತೆ ಕೂರಿಸಿ. ಮೇಲಂಚಿಗೆ ಸಮಾನಾಂತರವಾಗಿ ನೇರವಾದ ಮರದ ಪಟ್ಟಿ ಬಿಗಿಯಿರಿ, ರೈಲು ಹಳಿ ತರ. ಚಪ್ಪಟೆ ಮರದ ತುಂಡಿಗೆ ಎಮರಿ ಕಾಗದ ಸುತ್ತಿ, ಪಟ್ಟಿಗೆ ಒತ್ತಿಕೊಂಡು ಎಳೆಯಿರಿ. ಪ್ಯಾನಲ್‌ನ ಆಚೆಯಿಂದ ಶುರುಮಾಡಿ ಈಚೆ ದಾಟಿದ ಮೇಲೇ ಕೈ ನಿಲ್ಲಬೇಕು. ನಡುವೆ ನಿಂತರೆ ಅಲ್ಲೊಂದು ಗುರುತು ಉಳಿಯುತ್ತದೆ. ಹಿಂದೆ ಮುಂದೆ ಆಡಿಸಬಾರದು, ಒಂದೇ ದಿಕ್ಕು. ಅಲ್ಯೂಮಿನಿಯಂ ಮೆತ್ತಗಿನ ಲೋಹ, ಕಾಗದಕ್ಕೆ ಮೆತ್ತಿಕೊಂಡು ಹೊಸ ಗೀರು ಮಾಡುತ್ತದೆ, ಅದಕ್ಕೆ ಸೀಮೆಎಣ್ಣೆ ಸವರುತ್ತಾ ಇರಿ. ಗೀರು ತೆಗೆಯಲು 220 ನಂಬರ್ ಕಾಗದ, ಕೊನೆಯ ಗೆರೆಗೆ ಇನ್ನೂ ನುಣುಪಾದ 320 ಅಥವಾ 400. ಯಾವುದು ಸರಿ ಅಂತ ನಾಬ್ ಅಡಿಯ ಮೂಲ ಗೆರೆಯ ಜೊತೆ ಒಂದು ಚೂರು ಅಲ್ಯೂಮಿನಿಯಂ ತಗಡಿನಲ್ಲಿ ಹೋಲಿಸಿ ನೋಡಿ. ಸ್ಟೀಲ್ ವೂಲ್ ಬೇಡ, ಅದರ ಎಳೆ ಸಿಕ್ಕಿಕೊಂಡು ಆಮೇಲೆ ತುಕ್ಕು ಚುಕ್ಕೆ ಬರುತ್ತದೆ. ಒಣಗಿಸಿ ಉಜ್ಜಿದರೆ ಏಳುವ ಧೂಳು ಬೆಂಕಿಗೆ ಒಳ್ಳೆಯದಲ್ಲ, ಕಬ್ಬಿಣ ಅರೆಯುವ ಗ್ರೈಂಡರ್ ಹತ್ತಿರ ಅಂತೂ ಬೇಡವೇ ಬೇಡ.

ನಾಬ್‌ಗಳದು ಬೇರೆ, ಅಲ್ಲಿ ಗೆರೆ ದುಂಡಗೆ ಸುತ್ತುತ್ತದೆ. ಮರದ ಕಡ್ಡಿಗೆ ನಾಬ್ ಸಿಕ್ಕಿಸಿ ಡ್ರಿಲ್‌ನಲ್ಲಿ ನಿಧಾನ ತಿರುಗಿಸಿ ಕಾಗದ ಮುಟ್ಟಿಸಿದರೆ ಸಾಕು. ಇದು ಸುಲಭ, ಖುಷಿಯೂ ಕೊಡುತ್ತದೆ. ಅದು ಕೂಡ ಆನೋಡೈಸ್ ಆಗಿದ್ದರೆ ಕೈ ಹಾಕಬೇಡಿ.

ಪೀಣ್ಯ_ತೊಟ್ಟಿ

ಹುಚ್ಚ ಅವರು ಸರಿಯಾಗಿ ಹೇಳಿದ್ದಾರೆ. ಆಮೇಲೆ ನಮ್ಮಂಥವರ ಹತ್ತಿರ ಬಂದಾಗ ಏನು ಹೇಳಬೇಕು ಅನ್ನುವುದು ಉಳಿಯಿತು. ಜನ ಇಲ್ಲೇ ಎಡವುತ್ತಾರೆ. ಆನೋಡೈಸ್ ಮಾಡುವ ಮುಂಚೆ ಎಲ್ಲಾ ಮಾಲನ್ನೂ ಕಾಸ್ಟಿಕ್‌ನಲ್ಲಿ ಎಚಿಂಗ್ ಮಾಡುವುದು ನಮ್ಮಲ್ಲಿ ಮಾಮೂಲು, ಮೈ ಸಮವಾಗಿ ಮ್ಯಾಟ್ ಆಗಲಿ ಅಂತ. ನೀವು ಬೆವರು ಸುರಿಸಿ ಎಳೆದ ಹೇರ್‌ಲೈನ್ ಆ ಎಚಿಂಗ್‌ನಲ್ಲೇ ಕರಗಿಹೋಗುತ್ತದೆ. ಹುಡುಗರನ್ನು ಬೈದು ಪ್ರಯೋಜನವಿಲ್ಲ, ಅವರಿಗೆ ಅದು ಕಿಟಕಿ ಸೆಕ್ಷನ್ ಜೊತೆ ಬಂದ ಇನ್ನೊಂದು ತಗಡು. ಎಚಿಂಗ್ ಬೇಡ, ಬರೀ ಡಿಗ್ರೀಸ್ ಮಾಡಿ (ಜಿಡ್ಡು ತೆಗೆದು) ಕ್ಲಿಯರ್, ಅಂದರೆ ಬಣ್ಣ ಹಾಕದ, ಆನೋಡೈಸ್ ಮಾಡಿ ಅಂತ ಪ್ಯಾನಲ್ ಹಿಂಭಾಗದಲ್ಲೇ ಮಾರ್ಕರ್‌ನಲ್ಲಿ ಬರೆದು ಕೊಡಿ, ಬಾಯಲ್ಲೂ ಹೇಳಿ.

ಎರಡನೆಯದು, ಹಿಂದೆ ಕಬ್ಬಿಣದ ಸ್ಟಡ್ ಒತ್ತಿ ಕೂರಿಸಿದ್ದರೆ ತೆಗೆಯಿರಿ, ತೊಟ್ಟಿಯಲ್ಲಿ ಅದು ಕೊರೆದುಹೋಗಿ ಸುತ್ತಲಿನ ಕೆಲಸವೂ ಕೆಡುತ್ತದೆ. ಮೂರನೆಯದು, ಕ್ಲಾಂಪ್ ಹಿಡಿದ ಜಾಗದಲ್ಲಿ ಆನೋಡೈಸ್ ಬರುವುದಿಲ್ಲ, ಬಿಳಿ ಗುರುತು ಉಳಿಯುತ್ತದೆ. ನಾಬ್ ಮುಚ್ಚುವ ತೂತಲ್ಲೇ ಹಿಡಿಯಿರಿ ಅಂತ ತೋರಿಸಿ. ಬಣ್ಣ ಮೂಲದಂತೆಯೇ ಬರುತ್ತದೆ ಅಂತ ಯಾರಾದರೂ ಗ್ಯಾರಂಟಿ ಕೊಟ್ಟರೆ ನಂಬಬೇಡಿ, ಮರಾಂಟ್ಜ್ ಕಂಪನಿ ಸೆಟ್‌ಗಳ ತಿಳಿ ಚಿನ್ನದಂಥ ಶಾಂಪೇನ್ ಬಣ್ಣವಂತೂ ಭಾಗ್ಯ ಇದ್ದರೆ ಮಾತ್ರ.

ಮನೆಯಲ್ಲೇ ಬಕೆಟ್‌ನಲ್ಲಿ ಬ್ಯಾಟರಿ ಆಸಿಡ್ ಹಾಕಿ ಆನೋಡೈಸ್ ಮಾಡುವ ವಿಡಿಯೋ ನೋಡಿ ಬಂದು ಕೇಳುತ್ತಾರೆ. ಬೇಡ. ಇಷ್ಟು ಉದ್ದದ ತಗಡಿಗೆ ಕರೆಂಟ್ ಎಲ್ಲಾ ಕಡೆ ಸಮ ಹರಿಯುವುದಿಲ್ಲ.

ನಿಮ್ಮ ಬಿಳಿ ಚುಕ್ಕೆ ಉಪ್ಪಿನ ಗಾಳಿಯ ಕೊಡುಗೆ. ಕರಾವಳಿ ಸೆಟ್‌ಗಳಲ್ಲಿ ಇದನ್ನೇ ನೋಡುತ್ತೇವೆ. ಪದರದ ಸಣ್ಣ ದೋಷದಲ್ಲಿ ಕ್ಲೋರೈಡ್ ನುಗ್ಗಿ ಒಳಗೆ ಗುಳಿ ತೋಡುತ್ತದೆ, ಹೊರಗೆ ಬಿಳಿ ಪುಡಿ. ಮೇಲೆ ಕಾಣುವುದು ಚುಕ್ಕೆ, ಕೆಳಗೆ ಆಳ. ಅದನ್ನು ಉಜ್ಜಿ ತೆಗೆಯಲು ಹೋದರೆ ಆ ಮೂಲೆಯೇ ತಗ್ಗಾಗುತ್ತದೆ. ಮರದ ಟೂತ್‌ಪಿಕ್‌ನಲ್ಲಿ ಪುಡಿ ಕೆದಕಿ, ಬಟ್ಟಿ ಇಳಿಸಿದ ನೀರಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ ವ್ಯಾಕ್ಸ್ ತುಂಬಿ. ಮುಂದೆ ಬೆಳೆಯುವುದು ನಿಧಾನವಾಗುತ್ತದೆ.

ಸಂಪಿಗೆ_ಮಾನೋ

ಓದಿದಿರಲ್ಲ, ಒಂದು ಗೀರಿಗೆ ಇಷ್ಟು ಮೆರವಣಿಗೆ. ನಾನಾಗಿದ್ದರೆ ಬಿಡುತ್ತಿದ್ದೆ.

ನ್ಯೂಜೆರ್ಸಿ_ನಾಬ್

ಇಲ್ಲಿ ಅಮೆರಿಕದಲ್ಲಿ ಸುಟ್ಟುಹೋದ ಸೆಟ್ ಕೊಂಡು ಪ್ಯಾನಲ್ ಮಾತ್ರ ತೆಗೆದುಕೊಳ್ಳುವವರು ಬಹಳ ಜನ. ಈ ಪಯೋನಿಯರ್‌ಗಳು ಇಲ್ಲಿ ಲೆಕ್ಕವಿಲ್ಲದಷ್ಟು ಮಾರಾಟವಾಗಿದ್ದವು. ಆದರೆ ತಗಡು ಬಾಗದ ಹಾಗೆ ಭಾರತಕ್ಕೆ ಕಳಿಸುವುದೇ ತಲೆಬಿಸಿ. ಎರಡು ಪ್ಲೈವುಡ್ ನಡುವೆ ಇಟ್ಟರೆ ಮಾತ್ರ ಸರಿ. ಗುರುತಿನವರು ಊರಿಗೆ ಹೊರಟಾಗ ಚೆಕ್‌ಇನ್ ಬ್ಯಾಗಲ್ಲಿ ಹಾಕಿ ಕಳಿಸುವುದು ಎಲ್ಲಕ್ಕಿಂತ ಅಗ್ಗ.

ಕ್ಯಾಸೆಟ್_ಕಾಲ

ಬೆಂಗಳೂರಲ್ಲಿದ್ದರೆ ಬಿ.ವಿ.ಕೆ. ಅಯ್ಯಂಗಾರ್ ರೋಡಿನ ಸಂಡೇ ಬಜಾರ್ ಒಂದು ಸುತ್ತು ಹಾಕಿ. ಸಿಗುತ್ತೆ ಅಂತ ಹೇಳಲ್ಲ, ಬೆಳಿಗ್ಗೆ ಬೇಗ ಹೋಗಿ ಅಂತ ಹೇಳ್ತೀನಿ.

ಕಡಲಕರೆ_ಸ್ಟೀರಿಯೋ

ಎಲ್ಲಾ ಓದಿದೆ, ಯೋಚನೆ ಮಾಡಿದೆ. ಮೂಲ ಅಕ್ಷರ ಇಷ್ಟು ಚೆನ್ನಾಗಿ ಉಳಿದಿರುವಾಗ ಒಂದು ಉದ್ದ ಗೀರಿಗೋಸ್ಕರ ಕಾಸ್ಟಿಕ್‌ನಲ್ಲಿ ಮುಳುಗಿಸಲು ಮನಸ್ಸು ಬರುತ್ತಿಲ್ಲ. ಗೀರು ಇರಲಿ, ವ್ಯಾಕ್ಸ್ ಹಚ್ಚುತ್ತೇನೆ. ಚುಕ್ಕೆಗೆ ಟೂತ್‌ಪಿಕ್. ಒಂದೇ ಆಸೆ, ಬಾಸ್ ಅಕ್ಷರ ಮಾತ್ರ ಸರಿ ಮಾಡಬಹುದಾ? ಆನೋಡೈಸ್ ಮುಟ್ಟದೆ?

ಸುಲ್ತಾನ್‌ಪೇಟೆ_ಸ್ಕ್ರೀನ್

ಮಾಡಬಹುದು ಸರ್, ನಾವು ಲಗ್ನಪತ್ರಿಕೆ ಜೊತೆ ನೇಮ್‌ಪ್ಲೇಟೂ ಪ್ರಿಂಟ್ ಮಾಡುವವರು. ಇಡೀ ಪ್ಯಾನಲ್ ಇದ್ದರೆ ಸ್ಕ್ರೀನ್ ಮಾಡಿಸುವುದು ಲಾಭ, ಒಂದು ಪದಕ್ಕೆ ವಾಟರ್‌ಸ್ಲೈಡ್ ಡೆಕಾಲ್ (ನೀರಲ್ಲಿ ನೆನೆಸಿ ಜಾರಿಸಿ ಅಂಟಿಸುವ ತೆಳು ಸ್ಟಿಕ್ಕರ್) ಸಾಕು ಅನ್ನುವವರಿದ್ದಾರೆ. ಡೆಕಾಲ್‌ನ ಪಾರದರ್ಶಕ ಅಂಚು ಹೇರ್‌ಲೈನ್ ಮೇಲೆ ಓರೆ ಬೆಳಕಲ್ಲಿ ಕಂಡೇ ಕಾಣುತ್ತದೆ, ನನಗೆ ಹಿಡಿಸಲ್ಲ. ಒಂದೇ ಪದವಾದರೂ ಸಣ್ಣ ಸ್ಕ್ರೀನ್ ಮಾಡಿಸಿ, ಲೋಹಕ್ಕೆ ಅಂಟುವ ಎರಡು ಭಾಗದ ಇಪಾಕ್ಸಿ ಇಂಕ್‌ನಲ್ಲಿ. ಮಾಮೂಲಿ ಕಾಗದದ ಇಂಕ್ ಹಾಕಿಸಿದರೆ ಉಗುರಿಗೆ ಏಳುತ್ತದೆ. ಪ್ರಿಂಟ್ ಮಾಡುವ ಜಾಗದಿಂದ ನಿಮ್ಮ ವ್ಯಾಕ್ಸ್ ಪೂರ್ತಿ ತೆಗೆದಿರಬೇಕು, ಇಲ್ಲದಿದ್ದರೆ ಇಂಕ್ ಕೂರುವುದೇ ಇಲ್ಲ. ಅಲ್ಲಿ ಉಳಿದಿರುವ ಅರ್ಧ ಅಕ್ಷರವನ್ನೂ ತೆಗೆದು ಹೊಸದಾಗಿ ಹಾಕುವುದು ಒಳ್ಳೆಯದು, ಮೇಲೆ ಮೇಲೆ ಹಾಕಿದರೆ ದಪ್ಪ ಕಾಣುತ್ತದೆ.

ಫಾಂಟ್ ಯಾವುದು ಅಂತ ನೆಟ್‌ನಲ್ಲಿ ಹುಡುಕುತ್ತಾ ಕೂರಬೇಡಿ. ನಿಮ್ಮ ಪ್ಯಾನಲ್‌ನಲ್ಲೇ ಇದೆ. ಸ್ಕ್ಯಾನ್ ಮಾಡಿ, ಬ್ಯಾಲೆನ್ಸ್ ಅನ್ನುವ ಪದದಿಂದ ಬಿ ಮತ್ತು ಎ ಕತ್ತರಿಸಿ, ಸ್ಪೀಕರ್ಸ್‌ನಿಂದ ಎಸ್ ತಗೊಳ್ಳಿ, ಕೋರಲ್‌ಡ್ರಾದಲ್ಲಿ ಟ್ರೇಸ್ ಮಾಡಿದರೆ ಬಾಸ್ ರೆಡಿ. ಎರಡು ಪದದ ಅಕ್ಷರದ ಎತ್ತರ ಒಂದೇನಾ ಅಂತ ಮೊದಲು ಅಳೆಯಿರಿ. ಫೈಲ್ ಜೊತೆ ಪ್ಯಾನಲ್ಲನ್ನೂ ತಂದರೆ ಟ್ರೇಸಿಂಗ್ ಪೇಪರ್ ಮೇಲೆ ಪ್ರಿಂಟ್ ತೆಗೆದು ಜಾಗಕ್ಕೆ ಇಟ್ಟು ನೋಡಿ ಆಮೇಲೆ ಸ್ಕ್ರೀನ್‌ಗೆ ಹೋಗಬಹುದು.

ಕಡಲಕರೆ_ಸ್ಟೀರಿಯೋ

ಅಳೆದೆ, ಎತ್ತರ ಒಂದೇ ಇದೆ. ಸ್ಕ್ಯಾನ್ ಇವತ್ತೇ ತೆಗೆಯುತ್ತೇನೆ. ದಸರಾ ರಜೆಯಲ್ಲಿ ಬೆಂಗಳೂರಿಗೆ ಬರುತ್ತಿದ್ದೇನೆ, ಪ್ಯಾನಲ್ ತರುತ್ತೇನೆ ಸರ್.

ಸುಲ್ತಾನ್‌ಪೇಟೆ_ಸ್ಕ್ರೀನ್

ಆಯುಧಪೂಜೆ ದಿನ ಬರಬೇಡಿ, ಮಷೀನ್ ಮುಟ್ಟಲ್ಲ. ಉಳಿದ ದಿನ ಯಾವಾಗ ಬೇಕಾದರೂ ಬನ್ನಿ.